ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಎಂಜಿನ್ ಪರೀಕ್ಷೆ

ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ರೈಲು ಹತ್ತಿದರೆ ಜನ ಸುಮ್ಮನಿರುವುದಿಲ್ಲ. ಯಲಹಂಕದಿಂದ ಯಶವಂತಪುರಕ್ಕೆ ಬರುವ ಸಣ್ಣ ಗಾಡಿಯಲ್ಲಿ, ಹಾಲಿನ ಕ್ಯಾನು, ಸೊಪ್ಪಿನ ಮಂಕರಿ, ಕೋಳಿ ಬುಟ್ಟಿಗಳ ನಡುವೆ ನಾನು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ, ಯಾರಾದರೊಬ್ಬರು ಒಂದು ದೇವರನಾಮ ಹಾಡಿ ಎನ್ನದೆ ಬಿಡುತ್ತಿರಲಿಲ್ಲ. ನನಗೆ ಹಾಡು ಬರುವುದಿಲ್ಲ. ಪೆಟ್ಟಿಗೆಯಲ್ಲಿ ಹಾರ್ಮೋನಿಯಂ ಕೂಡ ಇರಲಿಲ್ಲ. ಒಮ್ಮೆ ಒಬ್ಬ ಮುದುಕಿಯ ಕಾಟ ತಡೆಯಲಾರದೆ ಮುಚ್ಚಳ ತೆಗೆದು ತೋರಿಸಿದೆ. ಒಳಗಿದ್ದ ತಂತಿ ಸುರುಳಿ, ಮುಳ್ಳು ಅಲ್ಲಾಡುವ ಎರಡು ಮೀಟರು, ಸಾಲಾಗಿ ಕೂತ ಉರುಳೆಗಳನ್ನು ನೋಡಿ ಆಕೆ, ಇದು ಯಾವ ದೇವರ ಪೆಟ್ಟಿಗೆ ಎಂದು ಕೇಳಿ ಕೈಮುಗಿದಳು. ನಾನೂ ಬೇಡವೆನ್ನಲಿಲ್ಲ. ಆಗ ನನಗೂ ಅದರ ಮೇಲೆ ಹೆಚ್ಚುಕಡಿಮೆ ಅಷ್ಟೇ ಭಕ್ತಿಯಿತ್ತು.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿದ್ದಿರಬೇಕು. ಅದಕ್ಕೆ ಮೊದಲು ಹತ್ತು ವರ್ಷ ನಾನು ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದೆ. ಉಗಿ ಎಂಜಿನ್ನುಗಳ ಹೊಟ್ಟೆಯ ಕೆಳಗೆ ಮಲಗಿ ಅವುಗಳ ಕೀಲು ಕೀಲನ್ನೂ ಬಲ್ಲವನಾಗಿದ್ದೆ. ಒಂದು ದಿನ ಪಾದದ ಮೇಲೆ ಕಬ್ಬಿಣದ ರಾಡು ಬಿದ್ದು ಎರಡು ಬೆರಳು ಹೋದವು. ಇವನಿಗೆ ಹಗುರವಾದ ಕೆಲಸ ಕೊಡಿ ಎಂದು ಡಾಕ್ಟರು ಬರೆದರು. ಮೇಲಿನವರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಯಶವಂತಪುರ ಸ್ಟೇಷನ್ನಿನ ಹಿಂದಿದ್ದ ತರಬೇತಿ ಶಾಲೆಗೆ ನನ್ನನ್ನು ಹಾಕಿ, ಅಂಗೈ ಮೇಲೆ ಕೂರುವ ಆರು ಎಂಜಿನ್ನುಗಳನ್ನು ನೋಡಿಕೋ ಎಂದರು. ಆನೆ ಪಳಗಿಸುತ್ತಿದ್ದವನ ಕೈಗೆ ಇಲಿ ಕೊಟ್ಟ ಹಾಗಾಯಿತು. ಮೊದಲ ವಾರ ನಾನು ಯಾರಿಗೂ ಮುಖ ಕೊಟ್ಟು ಮಾತಾಡಲಿಲ್ಲ.

ಆ ಶಾಲೆಯ ಕೊನೆಯ ಕೋಣೆಯ ತುಂಬ ಒಂದು ದೊಡ್ಡ ಮೇಜು. ಮೇಜಿನ ಮೇಲೆ ಎರಡು ಪುಟ್ಟ ಸ್ಟೇಷನ್ನು, ನಡುವೆ ಹಳಿ, ಸಿಗ್ನಲ್ಲು, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳು. ಅಂಚಿನಲ್ಲಿ ಮಾತ್ರ ನಿಜವಾದ ಸಿಗ್ನಲ್ ಕ್ಯಾಬಿನ್ನಿನಲ್ಲಿ ಇರುವಂಥದೇ ಕಬ್ಬಿಣದ ಲಿವರುಗಳು, ಮೈಬಗ್ಗಿಸಿ ಎಳೆಯುವಷ್ಟು ಬಿಗಿ. ಬಡ್ತಿ ಬೇಕಾದ ಪಾಯಿಂಟ್ಸ್‌ಮನ್‌ಗಳು, ಲಿವರ್‌ಮನ್‌ಗಳು ಇಲ್ಲಿ ಬಂದು ಕಲಿತು ಇಲ್ಲೇ ಪರೀಕ್ಷೆ ಕೊಡಬೇಕಿತ್ತು. ಈ ಮೇಜಿನ ಮೇಲೆ ಗಾಡಿ ಬೀಳಿಸಿದವನ ಕೈಗೆ ನಿಜವಾದ ಗಾಡಿ ಕೊಡುವುದಿಲ್ಲ ಎಂಬುದು ಅಲ್ಲಿಯ ಕಾನೂನು. ಪಾಠ ಹೇಳುವ ಮೇಷ್ಟ್ರು ಹಿಂದೆ ಸ್ಟೇಷನ್ ಮಾಸ್ಟರ್ ಆಗಿದ್ದವರು. ನಶ್ಯ ಏರಿಸಿ, ಮೂಗು ಒರೆಸಿ, ಆಮೇಲೆ ಪ್ರಶ್ನೆ ಕೇಳುತ್ತಿದ್ದರು.

ಎರಡನೆಯ ವಾರ ಕುತೂಹಲ ತಡೆಯಲಾಗದೆ ಒಂದು ಎಂಜಿನ್ನಿನ ಮೇಲುಚಿಪ್ಪು ಬಿಚ್ಚಿದೆ. ಒಳಗೆ ಬಾಯ್ಲರೂ ಇಲ್ಲ, ಸಿಲಿಂಡರೂ ಇಲ್ಲ. ನೆಲ್ಲಿಕಾಯಿ ಗಾತ್ರದ ಒಂದು ಮೋಟರು. ಎಲ್ಲೂ ತಂತಿ ಹೊರಗೆ ಬಂದಿಲ್ಲ, ಹಾಗಾದರೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಮೇಷ್ಟ್ರನ್ನು ಕೇಳಿದೆ. ಒಂದು ಹಳಿಯಲ್ಲಿ ಬಂದು ಗಾಲಿ ಹತ್ತಿ ಮೋಟರು ತಿರುಗಿಸಿ ಎದುರು ಗಾಲಿಯಿಂದ ಇಳಿದು ಇನ್ನೊಂದು ಹಳಿಯಲ್ಲಿ ವಾಪಸು ಹೋಗುತ್ತದೆ ಎಂದರು. ನಾನು ಬೆರಗಾದೆ. ನಮ್ಮ ಶೆಡ್ಡಿನಲ್ಲಿ ಹಳಿಯೆಂದರೆ ಭಾರ ಹೊರುವ ಕಬ್ಬಿಣ, ಅಷ್ಟೇ. ಇಲ್ಲಿ ಹಳಿಯೇ ಎಂಜಿನ್ನಿಗೆ ಊಟ ಬಡಿಸುತ್ತಿತ್ತು. ಆವತ್ತಿನಿಂದ ಇಲಿಯ ಮೇಲೆ ನನಗೆ ಮೋಹ ಹುಟ್ಟಿತು.

ಮೋಹ ಬಂದ ಮೇಲೆ ಉಪಚಾರವೂ ಶುರುವಾಯಿತು. ಎಣ್ಣೆ ಕಾಣದ ಎಂಜಿನ್ನನ್ನು ಶೆಡ್ಡಿನಿಂದ ಹೊರಗೆ ಬಿಡಬಾರದು ಎಂದು ಕಲಿತವನು ನಾನು. ಬೆಳಿಗ್ಗೆ ಬಂದ ಕೂಡಲೇ ಆರೂ ಎಂಜಿನ್ನಿನ ಅಚ್ಚುಗಳಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಡುತ್ತಿದ್ದೆ, ಕೈ ಬಿಗಿ ಹಿಡಿಯದೆ. ಶೆಡ್ಡಿನವರ ಇನ್ನೊಂದು ಅಭ್ಯಾಸ, ಕೈಗೆ ಬಂದ ಯಾವ ಸಾಮಾನನ್ನಾದರೂ ನೋಡುವ ಮೊದಲು ಹೆಗಲ ಮೇಲಿನ ಬಟ್ಟೆಯಿಂದ ಒರೆಸುವುದು. ನಾನು ಊಟದ ಡಬ್ಬಿಯನ್ನೂ ಒರೆಸಿಯೇ ತೆಗೆಯುತ್ತೇನೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಆದರೆ ಎಂಜಿನ್ನುಗಳು ಮೇಜಿನ ಮೇಲೆ ಓಡುತ್ತ ಓಡುತ್ತ ಗಕ್ಕನೆ ನಿಲ್ಲುತ್ತಿದ್ದವು. ಬೆರಳಿನಲ್ಲಿ ತಟ್ಟಿದರೆ ಮತ್ತೆ ಹೊರಡುತ್ತಿದ್ದವು. ನನ್ನ ರಿಪೇರಿ ಕೋಣೆ ವರಾಂಡದ ಆ ತುದಿಯಲ್ಲಿತ್ತು. ಕುಂಟುತ್ತ ಅಲ್ಲಿಗೆ ಒಯ್ದು ತಂತಿ ಕೊಟ್ಟರೆ ಎಂಜಿನ್ನು ಭರ್ಜರಿಯಾಗಿ ತಿರುಗುತ್ತಿತ್ತು. ವಾಪಸು ತಂದಿಟ್ಟರೆ ನಾಲ್ಕು ಸುತ್ತು ಓಡಿ, ಮಾರನೆಯ ದಿನ ಮತ್ತೆ ಅದೇ ರಾಗ. ಡಾಕ್ಟರ ಮನೆ ಬಾಗಿಲಲ್ಲಿ ಹಲ್ಲುನೋವು ನಿಲ್ಲುತ್ತದಲ್ಲ, ಹಾಗೆ. ನಿನ್ನ ಕೋಣೆಗೂ ನನ್ನ ಮೇಜಿಗೂ ನಡುವೆ ಏನೋ ದೆವ್ವ ಇದೆ ಕಣಯ್ಯ ಎಂದು ಮೇಷ್ಟ್ರು ಛೇಡಿಸಿದರು. ನನಗೆ ರೇಗಿತು. ರೋಗಿ ಬರುವುದು ಬೇಡ, ಆಸ್ಪತ್ರೆಯೇ ರೋಗಿಯ ಹತ್ತಿರ ಹೋಗಲಿ, ಎಂಜಿನ್ನು ನಿಂತ ಜಾಗದಲ್ಲೇ ಅದನ್ನು ಪರೀಕ್ಷೆ ಮಾಡುವ ಒಂದು ಪೆಟ್ಟಿಗೆ ಕಟ್ಟುತ್ತೇನೆ ಎಂದು ಹಟಕ್ಕೆ ಬಿದ್ದೆ.

ಹಾರ್ಮೋನಿಯಂ ನನ್ನ ಭಾವಮೈದುನನ ಭಜನೆ ಮಂಡಳಿಯದು. ತಿದಿಯನ್ನು ಇಲಿ ತಿಂದು ಅದು ಅಟ್ಟ ಸೇರಿತ್ತು. ಹಿಡಿ ಇದೆ, ಚಿಲಕ ಇದೆ, ಮರ ಗಟ್ಟಿ, ಇನ್ನೇನು ಬೇಕು? ಒಳಗಿದ್ದದ್ದನ್ನು ಕಿತ್ತು ಖಾಲಿ ಮಾಡಿದೆ. ಮನೆಯ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರನ್ನು ಯಲಹಂಕದ ಮನೆಯ ಜಗಲಿಯಲ್ಲಿ ಕೂತು ನಾನೇ ಸುತ್ತಿದೆ. ಸಾವಿರಕ್ಕೂ ಮೇಲೆ ಸುತ್ತು. ನಾನು ಸುತ್ತುವುದು, ಹೆಂಡತಿ ಅಕ್ಕಿ ಆರಿಸುತ್ತ ಎಣಿಸುವುದು. ಎಂಟುನೂರು ದಾಟಿದಾಗ ಪಕ್ಕದ ಮನೆಯಾಕೆ ಬಂದು, ಏನ್ರೀ ಸಾರು ಇವತ್ತು ಎಂದು ಕೇಳಿದಳು. ಸಾರಿನ ಹೆಸರು ಹೇಳಿದ್ದೇ ತಡ ಲೆಕ್ಕ ಕೈಬಿಟ್ಟುಹೋಯಿತು. ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಸುತ್ತಿದೆವು. ಮೀಟರುಗಳು ಮಿಲಿಟರಿಯವರು ಹರಾಜು ಹಾಕಿದ ಗುಜರಿಯಲ್ಲಿ ಸಿಕ್ಕವು.

ಕಷ್ಟವಾದದ್ದು ಉರುಳೆಗಳು. ಎಂಜಿನ್ನು ಪೂರ್ತಿ ವೇಗದಲ್ಲಿ ಓಡಬೇಕು, ಆದರೆ ಪೆಟ್ಟಿಗೆ ಬಿಟ್ಟು ಹೋಗಬಾರದು. ಅದಕ್ಕೆ ಪ್ರತಿ ಗಾಲಿಯ ಕೆಳಗೂ ಸಣ್ಣ ಬೇರಿಂಗುಗಳನ್ನು ಕೂರಿಸಿ, ಹಳಿಯ ಬದಲು ಅವುಗಳ ಮೂಲಕವೇ ಕರೆಂಟು ಕೊಟ್ಟೆ. ಎಂಜಿನ್ನು ನಿಂತಲ್ಲೇ ಓಡುತ್ತಿತ್ತು. ಎಷ್ಟು ಕರೆಂಟು ಕುಡಿಯಿತು ಎಂದು ಒಂದು ಮುಳ್ಳು, ಎಷ್ಟು ವೋಲ್ಟು ಎಂದು ಇನ್ನೊಂದು ಮುಳ್ಳು ಹೇಳುತ್ತಿದ್ದವು. ಗಾಲಿಗೆ ಸುಣ್ಣದ ಬೊಟ್ಟಿಟ್ಟು ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸುತ್ತಿದ್ದೆ. ಹಿಂದೆ ಒಂದು ಸ್ಪ್ರಿಂಗು ಸಿಕ್ಕಿಸಿ ಎಷ್ಟು ಜೋರಾಗಿ ಎಳೆಯುತ್ತದೆ ಎಂದೂ ನೋಡುತ್ತಿದ್ದೆ. ದಿನಕ್ಕೊಂದು ಸುಧಾರಣೆ ಹೊಳೆಯುತ್ತಿದ್ದರಿಂದ ಅದನ್ನು ಸಂಜೆ ಮನೆಗೆ ಒಯ್ದು ಬೆಳಿಗ್ಗೆ ವಾಪಸು ತರುತ್ತಿದ್ದೆ.

ಪೆಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡಿತು. ದೆವ್ವ ಮಾತ್ರ ಹೋಗಲಿಲ್ಲ. ಮೇಜಿನ ಮೇಲೆ ನಿಂತ ಎಂಜಿನ್ನನ್ನು ಎತ್ತಿ ಪಕ್ಕದಲ್ಲೇ ಇದ್ದ ಉರುಳೆಯ ಮೇಲಿಟ್ಟರೆ ಅದು ಸರಾಗವಾಗಿ ಓಡಿ, ಎರಡು ಮುಳ್ಳೂ ಸರಿಯಾದ ಅಂಕೆಯಲ್ಲಿ ಕದಲದೆ ನಿಲ್ಲುತ್ತಿದ್ದವು. ದೋಷವೇ ಇಲ್ಲ. ಹವೆಯ ತೇವ ಇರಬಹುದೇ, ಸಂಜೆಯ ಕರೆಂಟು ಇಳಿಯುವುದು ಕಾರಣವೇ, ಮೇಷ್ಟ್ರ ನಶ್ಯವೇನಾದರೂ ಹಳಿಗೆ ಬೀಳುತ್ತಿದೆಯೇ ಎಂದು ಎಂಟು ತಿಂಗಳು ಒಂದೊಂದನ್ನೇ ಹುಡುಕಿದೆ. ನಶ್ಯದ ವಿಷಯ ಅವರಿಗೆ ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಆ ಸಲ ಪರೀಕ್ಷೆಗೆ ಬಂದವರಲ್ಲಿ ಬ್ಯಾಟರಾಯನಪುರದ ಕಡೆಯ ಒಬ್ಬ ಪಾಯಿಂಟ್ಸ್‌ಮನ್ ಇದ್ದರು. ಒಕ್ಕಲು ಮನೆತನದವರು, ನನಗಿಂತ ಹಿರಿಯರು; ಎಲ್ಲರೂ ಗೌಡ್ರೇ ಎನ್ನುತ್ತಿದ್ದೆವು. ಹದಿನಾಲ್ಕು ವರ್ಷ ಯಶವಂತಪುರದ ಯಾರ್ಡಿನಲ್ಲಿ ಬಿಸಿಲು ಮಳೆಯೆನ್ನದೆ ಕೈಯಲ್ಲಿ ಪಾಯಿಂಟ್ ತಿರುಗಿಸಿ ಅವರ ಮಂಡಿ ಸವೆದಿತ್ತು. ಪಾಸಾದರೆ ಕ್ಯಾಬಿನ್ನಿನಲ್ಲಿ, ಸೂರಿನ ಕೆಳಗೆ ಕೆಲಸ. ಹಿಂದೆ ಒಮ್ಮೆ ಕಾಯಿದೆ ಪುಸ್ತಕದ ಪ್ರಶ್ನೆಗಳಲ್ಲಿ ತಪ್ಪಿದ್ದರು. ಇದು ಎರಡನೆಯ ಸಲ, ಮೂರನೆಯ ಅವಕಾಶ ಯಾರಿಗೂ ಇರಲಿಲ್ಲ.

ಪರೀಕ್ಷೆ ಮಾಡಲು ದೊಡ್ಡ ಕಚೇರಿಯಿಂದ ಒಬ್ಬ ಇನ್‌ಸ್ಪೆಕ್ಟರು ಬಂದಿದ್ದರು. ಒಂದು ಗಾಡಿ ಸಿಗ್ನಲ್ಲಿನ ಹತ್ತಿರ ಬಂದು ನಿಲ್ಲಬೇಕು. ಅದು ನಿಂತದ್ದನ್ನು ಕಣ್ಣಾರೆ ನೋಡಿಕೊಂಡು, ಇನ್ನೊಂದು ಗಾಡಿಗೆ ಗೌಡರು ಪಾಯಿಂಟ್ ತಿರುಗಿಸಬೇಕು. ಮೇಷ್ಟ್ರು ಗಾಡಿಯ ವೇಗ ಇಳಿಸಲು ಕರೆಂಟಿನ ಗುಂಡಿ ಹಿಡಿದು ಆ ಗುಂಡಿಯನ್ನೇ ನೋಡುತ್ತಿದ್ದರು. ಇನ್‌ಸ್ಪೆಕ್ಟರು ತಲೆ ತಗ್ಗಿಸಿ ಬರೆಯುತ್ತಿದ್ದರು. ನಾನು ಕಿಟಕಿಯ ಬಳಿ ನನ್ನ ಪೆಟ್ಟಿಗೆಯ ಹಿತ್ತಾಳೆ ಚಿಲಕ ಒರೆಸುತ್ತಿದ್ದೆ. ಗೌಡರು ಲಿವರ್ ಎಳೆದರು. ಆ ಹೊತ್ತಿಗೇ ಎಂಜಿನ್ನು ಮುಂದಕ್ಕೆ ಜಿಗಿದು ಅರ್ಧ ತಿರುಗಿದ್ದ ಪಾಯಿಂಟಿನ ಮೇಲೆ ನುಗ್ಗಿತು. ಮೂರು ಡಬ್ಬಿಗಳು ಅಡ್ಡಬಿದ್ದವು. ಸದ್ದಿಗೆ ನಾವು ಮೂವರೂ ತಲೆ ಎತ್ತಿದೆವು.

ಗಾಡಿ ನಿಲ್ಲುವ ಮೊದಲೇ ಪಾಯಿಂಟ್ ಎಳೆದೆಯಲ್ಲ ಎಂದು ಇನ್‌ಸ್ಪೆಕ್ಟರು ಗದರಿದರು. ಗೌಡರು ಕೈಕಟ್ಟಿಕೊಂಡು ಹೇಳಿದರು:

"ಇಲ್ಲ ಸ್ವಾಮಿ, ನಿಂತಿತ್ತು. ನಾ ನೋಡ್ದೆ."

ನಿಂತ ಗಾಡಿ ತಾನಾಗಿ ಹೊರಡುವುದುಂಟೇ ಎಂದು ಇನ್‌ಸ್ಪೆಕ್ಟರು ಕೇಳಿದರು. ಅವರು ಅನ್ಯಾಯದವರಲ್ಲ. ಎಂಜಿನ್ನಿನಲ್ಲೇ ದೋಷವಿರಬಹುದು, ನೋಡಿ ಎಂದು ನನಗೆ ಹೇಳಿದರು. ನಾನು ಎಲ್ಲರ ಮುಂದೆ ಪೆಟ್ಟಿಗೆ ತೆರೆದೆ. ಎಂಜಿನ್ನನ್ನು ಎತ್ತಿಕೊಂಡೆ, ರೂಢಿಯಂತೆ ಒರೆಸಿದೆ, ಉರುಳೆಯ ಮೇಲಿಟ್ಟೆ. ಮುಳ್ಳುಗಳು ಕಲ್ಲಿನ ಹಾಗೆ ನಿಂತವು. ಇನ್‌ಸ್ಪೆಕ್ಟರು ಪೆಟ್ಟಿಗೆಯನ್ನು ಬಗ್ಗಿ ನೋಡಿ, ಇದನ್ನು ನೀವೇ ಮಾಡಿದ್ದಾ ಎಂದು ಕೇಳಿದರು. ನನ್ನ ಎದೆ ಉಬ್ಬಿತು. ಎಂಜಿನ್ನಿನಲ್ಲಿ ದೋಷವಿಲ್ಲ ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿದೆ. ದಿನಾಲೂ ನಿಲ್ಲುವ ಎಂಜಿನ್ನು ಅದು ಎಂದು ನನಗೆ ಗೊತ್ತಿತ್ತು. ಆದರೂ ಗೊತ್ತಿದ್ದದ್ದಕ್ಕಿಂತ ಮುಳ್ಳು ಹೇಳಿದ್ದು ದೊಡ್ಡದಾಗಿ ಕಂಡಿತು. ಹೊಗಳಿಕೆ ಕಿವಿಗೆ ಬಿದ್ದ ಮೇಲಂತೂ ಬೇರೆ ಏನೂ ಕೇಳಿಸಲಿಲ್ಲ.

ಗೌಡರು ನಪಾಸಾದರು. ಗಾಡಿ ನಿಂತಿದ್ದನ್ನು ಖಾತ್ರಿ ಮಾಡಿಕೊಳ್ಳದೆ ಪಾಯಿಂಟ್ ಎಳೆದವರು ಎಂದು ಅವರ ಕಾಗದದಲ್ಲಿ ಸೇರಿತು.

ಅದಾದ ಮೇಲೆ ಬೇರೆಯವರಾಗಿದ್ದರೆ ಆ ಕೋಣೆಯ ಕಡೆ ತಲೆ ಹಾಕುತ್ತಿರಲಿಲ್ಲ. ಗೌಡರು ಡ್ಯೂಟಿ ಮುಗಿದ ಮೇಲೆ ಮಧ್ಯಾಹ್ನದ ಹೊತ್ತು ಬಂದು ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಎಂಜಿನ್ನು ಓಡುವುದನ್ನು, ನಿಲ್ಲುವುದನ್ನು ಕಣ್ಣು ಕೀಲಿಸಿ ನೋಡುತ್ತಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಮೊದಮೊದಲು ಬಿಗಿದುಕೊಂಡಿದ್ದೆ. ಕೇಳಿದರೆ, ಓಡುವ ಗಾಡಿ ನಿಂತ ಹಾಗೆ ಕಾಣುವುದು ಹೇಗೆ, ತನ್ನ ಕಣ್ಣು ಎಲ್ಲಿ ಮೋಸ ಹೋಯಿತು ಎಂದು ತಿಳಿಯಬೇಕು ಎಂದರು. ನನ್ನ ಹಾಗೆಯೇ ಅವರೂ ಒಂದು ದೆವ್ವವನ್ನು ಹುಡುಕುತ್ತಿದ್ದರು. ಇಬ್ಬರೂ ಕಡಲೆಕಾಯಿ ಬಿಡಿಸುತ್ತ ಕೂರುತ್ತಿದ್ದೆವು.

ಹೀಗೆ ಹದಿನೈದು ದಿನ ಕಳೆದಿರಬೇಕು. ಬೆಸುಗೆ ಹಾಕುವಾಗ ಕಾದ ಕಡ್ಡಿ ಜಾರಿ ನನ್ನ ಬಲಗೈ ಸುಟ್ಟಿತು. ಕೈಗೆ ಪೂರ್ತಿ ಪಟ್ಟಿ. ಎಡಗೈಯಲ್ಲಿ ಹೇಗೋ ಎಣ್ಣೆಯೇನೋ ಬಿಟ್ಟೆ, ಅದನ್ನು ತಪ್ಪಿಸುವವನೇ ನಾನು? ಮಧ್ಯಾಹ್ನ ಎಂಜಿನ್ನು ಮಾಮೂಲಿನಂತೆ ನಿಂತಿತು. ಗೌಡ್ರೇ, ಅದನ್ನೊಂದಿಷ್ಟು ಎತ್ತಿ ಉರುಳೆ ಮೇಲಿಡಿ ಎಂದೆ. ಅವರು ಹಕ್ಕಿಮರಿ ಹಿಡಿದ ಹಾಗೆ ಎರಡು ಕೈಯಲ್ಲಿ ಎತ್ತಿ ನೇರವಾಗಿ ಇಟ್ಟರು. ಎಡಗೈಯಲ್ಲಿ ಗುಂಡಿ ತಿರುಗಿಸಿದೆ. ಕರೆಂಟಿನ ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿತ್ತು. ಮತ್ತೆ ನಡುಗಿತು, ಮತ್ತೆ ಬಿತ್ತು. ಎಂಟು ತಿಂಗಳಲ್ಲಿ ನನ್ನ ಪೆಟ್ಟಿಗೆ ಮೊದಲ ಸಲ ದೋಷ ತೋರಿಸಿತ್ತು.

"ಅಣ್ಣ, ನಾನೇನಾರ ಕೆಡಿಸ್ಬುಟ್ನಾ?" ಎಂದು ಗೌಡರು ಗಾಬರಿಯಾಗಿ ಕೇಳಿದರು.

ನಾನು ಉರುಳೆಗೆ ಬೆರಳು ಒತ್ತಿದೆ. ಬೆರಳಿಗೆ ಕಪ್ಪಗೆ ಜಿಡ್ಡು ಅಂಟಿತು. ಅಚ್ಚಿಗೆ ಬಿಟ್ಟ ಎಣ್ಣೆ ಗಾಲಿಗೆ ಇಳಿದಿತ್ತು, ಗಾಲಿಯಿಂದ ಹಳಿಗೆ. ಹಳಿಗೂ ಗಾಲಿಗೂ ನಡುವೆ ಎಣ್ಣೆ ಪೊರೆ ಕಟ್ಟಿದರೆ ಕರೆಂಟು ದಾಟುವುದಾದರೂ ಹೇಗೆ? ಬೆಳಿಗ್ಗೆ ನಾನೇ ರೋಗ ಹಚ್ಚುತ್ತಿದ್ದೆ. ಮಧ್ಯಾಹ್ನ ಹೆಗಲ ಬಟ್ಟೆಯಿಂದ ನಾನೇ ಅದನ್ನು ಒರೆಸಿ, ಆಮೇಲೆ ರೋಗವೇ ಇಲ್ಲ ಎಂದು ಮುಳ್ಳು ನೋಡಿ ಹೇಳುತ್ತಿದ್ದೆ. ಮೇಜನ್ನು ತಟ್ಟಿದೆ. ಆ ಅದುರಿಗೆ ಗಾಲಿಗೆ ಉರುಳೆ ಹತ್ತಿ ಎಂಜಿನ್ನು ಜುಮ್ಮನೆ ತಿರುಗಿತು. ಪರೀಕ್ಷೆಯ ದಿನ ಗೌಡರು ಆ ಬಿಗಿ ಲಿವರ್ ಎಳೆದಾಗ ಮೇಜು ಹೀಗೆಯೇ ಅದುರಿತ್ತು. ಮೇಷ್ಟ್ರು ಕರೆಂಟು ಪೂರ್ತಿ ಇಳಿಸುವ ಮೊದಲೇ ಎಂಜಿನ್ನು ನಿಜಕ್ಕೂ ನಿಂತಿತ್ತು. ಲಿವರ್ ಎಳೆದದ್ದಕ್ಕೇ ಹೊರಟಿತ್ತು.

ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಂತೋಷ. ಇದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ, ಆದರೆ ಸುಳ್ಳು ಬರೆದು ಏನು ಫಲ? ಎಂಟು ತಿಂಗಳ ಗಂಟು ಕಣ್ಣ ಮುಂದೆ ಬಿಚ್ಚಿಕೊಂಡಿತ್ತು. ಎದ್ದು ಕುಣಿಯುವ ಹಾಗಾಗಿತ್ತು. ತಲೆ ಎತ್ತಿದರೆ ಗೌಡರು, ಏನೋ ಒಡೆದು ಹಾಕಿದವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆಗ ಬಂತು ನಾಚಿಕೆ.

ಅವರಿಗೇನೂ ತಿಳಿದಿರಲಿಲ್ಲ. ಗಾಲಿ ಒರೆಸಿ, ಎಣ್ಣೆ ಕಡಿಮೆ ಮಾಡಿ ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆ ಯೋಚನೆ ಬರಲಿಲ್ಲ ಎನ್ನಲಾರೆ. ಒಂದು ಕಡಲೆಕಾಯಿ ಬಿಡಿಸುವಷ್ಟು ಹೊತ್ತು ಅದು ನನ್ನ ಜೊತೆಯೇ ಕೂತಿತ್ತು. ಆಮೇಲೆ ಹೇಳಿದೆ.

"ಕೆಡಿಸಿದ್ದು ನೀವಲ್ಲ ಗೌಡ್ರೇ, ನಾನು. ಆವತ್ತು ಗಾಡಿ ನಿಂತಿತ್ತು."

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವರು ಆ ಎಂಜಿನ್ನನ್ನೇ ನೋಡುತ್ತ, ಇನ್ನೊಂದು ಸಲ ಮೇಜು ತಟ್ಟಿ ತೋರಿಸಿ ಎಂದರು. ತಟ್ಟಿದೆ. ಇನ್ನೊಂದು ಸಲ ಎಂದರು. ಐದಾರು ಸಲ ನೋಡಿದರು.

ಮೇಷ್ಟ್ರಿಗೆ ಹೇಳಿದಾಗ ಅವರು ಮೊದಲು ನಶ್ಯದ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದರು. ಆಮೇಲೆ ಬೀರುವಿನಿಂದ, ಎಂಜಿನ್ನುಗಳ ಜೊತೆ ಪರದೇಶದಿಂದ ಬಂದಿದ್ದ ಒಂದು ಕಾಗದ ಹುಡುಕಿ ಓದಿ ಹೇಳಿದರು. ತಿಂಗಳಿಗೊಮ್ಮೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಎಣ್ಣೆ ಸಾಕು, ಗಾಲಿಗೆ ಸೋಕಕೂಡದು ಎಂದಿತ್ತು. ಇಂಗ್ಲಿಷ್ ಬರದವನು ಓದಿಸಿ ಕೇಳಬಹುದಿತ್ತು. ಹತ್ತು ವರ್ಷ ಎಂಜಿನ್ನಿಗೆ ಎಣ್ಣೆ ಬಿಟ್ಟವನಿಗೆ ಎಣ್ಣೆಯ ಬಗ್ಗೆ ಕಾಗದ ಏನು ಹೇಳೀತು ಎಂಬ ಜಂಬ ನನ್ನದು. ಮೇಷ್ಟ್ರು ನನ್ನಿಂದಲೇ, ತಪ್ಪು ನನ್ನದೆಂದು ದೊಡ್ಡ ಕಚೇರಿಗೆ ಅರ್ಜಿ ಬರೆಸಿದರು, ಒಂದು ಮಾತನ್ನೂ ಮೆದು ಮಾಡಲು ಬಿಡಲಿಲ್ಲ.

ಇನ್‌ಸ್ಪೆಕ್ಟರು ಮತ್ತೆ ಬರಲು ಎರಡು ತಿಂಗಳಾಯಿತು. ಅವರ ಮುಂದೆ ಪೆಟ್ಟಿಗೆ ತೆರೆದು, ಒರೆಸದೆ ಒಂದು ಸಲ, ಒರೆಸಿ ಒಂದು ಸಲ ತೋರಿಸಿದೆ. ಈ ಭೇಟಿಯಲ್ಲಿ ಅವರು ಪೆಟ್ಟಿಗೆಯನ್ನು ಹೊಗಳಲಿಲ್ಲ. ನಿಮ್ಮ ಚೀಟಿ ನೋಡಿ ನಾನು ಒಬ್ಬ ಮನುಷ್ಯನ ಮಾತನ್ನು ತಳ್ಳಿಹಾಕಿದೆ ಎಂದಷ್ಟೇ ಹೇಳಿದರು. ಹಳೆಯ ಫಲಿತಾಂಶ ಹೊಡೆದುಹಾಕಿ ಅದೇ ದಿನ ಮಧ್ಯಾಹ್ನ ಗೌಡರನ್ನು ಮತ್ತೆ ಮೇಜಿನ ಮುಂದೆ ನಿಲ್ಲಿಸಿದರು. ಗೌಡರು ಪಾಸಾದರು, ಆದರೆ ಪ್ರತಿ ಲಿವರಿಗೂ ತುಂಬ ಹೊತ್ತು ತೆಗೆದುಕೊಂಡರು. ವಯಸ್ಸಾಯಿತಲ್ಲ ಎಂದು ನಾನು ಅಂದುಕೊಂಡೆ.

ದೊಡ್ಡಬಳ್ಳಾಪುರದಾಚೆಯ ಒಂದು ಸ್ಟೇಷನ್ನಿನ ಕ್ಯಾಬಿನ್ನಿಗೆ ಅವರಿಗೆ ಹುಕುಂ ಬಂತು. ಹೊರಡುವ ದಿನ ಪ್ಲಾಟ್‌ಫಾರ್ಮಿನವರೆಗೆ ಹೋದೆ. ಹಾಸಿಗೆ ಸುತ್ತಿದ ಜಮಖಾನೆಯ ಮೇಲೆ ಕೂತಿದ್ದರು. ನನ್ನಿಂದ ನಿಮಗೆ ಎರಡು ತಿಂಗಳು ದಂಡವಾಯಿತು ಎಂದೆ. ಎರಡು ತಿಂಗಳೇನೂ ದೊಡ್ಡದಲ್ಲ ಎಂದು ಅವರು ಕೈ ಅಲ್ಲಾಡಿಸಿದರು. ಆಮೇಲೆ ಹಳಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದರು:

"ನೀವು ಚೀಟಿ ಬರ್ಕೊಟ್ರಲ್ಲಣ್ಣ, ಆವತ್ತಿಂದ ನನ್ ಕಣ್ಮ್ಯಾಗೆ ನಂಗೇ ನಂಬ್ಕೆ ಓಯ್ತು. ಯಾರ್ಡಾಗೆ ಗಾಡಿ ನಿಂತೈತೆ ಅಂತ ಕಂಡ್ರೂ ಓಗಿ ಗಾಲಿ ಮುಟ್ ನೋಡಿ ಆಮ್ಯಾಕೆ ಪಾಯಿಂಟ್ ತಿರುಗಿಸ್ತಿದ್ದೆ. ಉಡುಗ್ರು ನಗಾಡೋರು."

ಈಗ ಬಿಟ್ಟಿರಾ ಎಂದು ಕೇಳಿದೆ.

"ಕ್ಯಾಬಿನ್ ಇರಾದು ಮ್ಯಾಲೆ. ಅಲ್ಲಿಂದ ಕೈ ಎಟಕಾಕಿಲ್ಲ. ಬಿಡ್ಲೇಬೇಕಲ್ಲ."

ಹಿಂದೂಪುರದ ಪ್ಯಾಸೆಂಜರು ಬಂದು ಉಸಿರು ಬಿಟ್ಟು ನಿಂತಿತು. ಜನ ಇಳಿದರು, ಹತ್ತಿದರು. ನಾನು ಅವರ ಜಮಖಾನೆಯನ್ನು ಒಳಕ್ಕೆ ತಳ್ಳಿ, ಹತ್ತಿ ಗೌಡ್ರೇ ಎಂದು ತಿರುಗಿದೆ. ಅವರು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಆ ನೋಯುವ ಮಂಡಿ ಊರಿ ಬಗ್ಗಿದ್ದರು. ಕೈ ಕೆಳಗೆ ಚಾಚಿ ಗಾಲಿಯನ್ನು ಮುಟ್ಟಿ ನೋಡಿ, ಆಮೇಲೆ ಎದ್ದು ಗಾಡಿ ಹತ್ತಿದರು.